ಹೊಲದಡಿಯ ಹೊಳೆ

ದಿಗ್ಗೇವಾಡಿಯ ನಮ್ಮ ಕಬ್ಬಿನ ಹೊಲದಡಿ ಹೂತುಹೋದ ಹಳೆಯ ಹೊಳೆಯೊಂದಿದೆ, ಅದರ ಮರಳಿನಲ್ಲಿ ಯುರೇನಿಯಂ ಇದ್ದೀತು ಎಂದು ಬೋರು ಕೊರೆಸಲು ಬಂದಿದ್ದರು ಸರ್ಕಾರಿ ಖನಿಜ ಇಲಾಖೆಯ ಒಬ್ಬ ಸಾಹೇಬರು. ಮೇಲೆ ಬಂದ ಮರಳನ್ನು ಬೆರಳಲ್ಲಿ ತಿಕ್ಕುತ್ತ, "ಹೊಳಿ ಏನ್ ಹೇಳತೈತಿ ನೋಡೂಣ್ರಿ," ಎನ್ನುತ್ತಿದ್ದರು.

ಬೋರು ಹಾಕುವಾಗ ನೀರು ಬೀಳಲೆಂದು ಕಾಯಿ ಒಡೆಯುವುದು ನಮ್ಮ ರೂಢಿ. ಅಂದೂ ಅಪ್ಪನ ತಮ್ಮ, ನಮ್ಮ ಕಾಕಾ, ಒಡೆದ.

"ಏನ್ ಬೇಡಿಕೊಂಡ್ರಿ, ಕಾಕಾ?" ಸಾಹೇಬರು ಕೇಳಿದರು.

"ನಿಮಗೇನೂ ಸಿಗಬಾರ್ದಂತ್ರಿ, ಸಾಹೇಬ್ರ. ಸಿಕ್ರ ನಮ್ಮ ಹೊಲ ಹೋಗತೈತಲ್ರಿ."

ಸಾಹೇಬರು ನಕ್ಕು, ಕೈಚಾಚಿ ಆ ಕಾಯಿಯ ಚೂರನ್ನೇ ಇಸಕೊಂಡು ತಿಂದರು.

ಕೊನೆಗೆ ಬಂದದ್ದು ನುಣುಪಾದ ಗುಂಡುಕಲ್ಲುಗಳು ಮಾತ್ರ, ಯುರೇನಿಯಂ ಇರಲಿಲ್ಲ. ಸಾಹೇಬರು ಒಂದು ಕಲ್ಲನ್ನು ಒರೆಸಿ ಕಾಕಾನ ಅಂಗೈಯಲ್ಲಿಟ್ಟರು. "ನಿಮ್ಮ ಹೊಳೀದ್ರಿ. ಇಟ್ಕೋರಿ."

ದೇವರ ಜಗಲಿಯ ಮೇಲಿರುವ ಆ ಕಲ್ಲಿಗೆ ಕುಂಕುಮ ಹಚ್ಚುವಾಗಲೆಲ್ಲ ಕಾಕಾ, "ಆ ಸಾಹೇಬ್ರಿಗೂ ಎಲ್ಲ್ಯಾರ ಸಿಗಲಿ," ಎನ್ನುತ್ತಾನೆ. ಯಾರ ಹೊಲದಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ.