ಉಗುರು ಹೋಗುವಷ್ಟು ಸಂದಿ

ಮೊನ್ನೆ ರವಿವಾರ ಅನ್ನ ಅರ್ಧ ಬೇಯುವಷ್ಟರಲ್ಲಿ ನಮ್ಮ ಮನೆಯ ಗ್ಯಾಸ್ ಸಿಲಿಂಡರ್ ಮುಗಿಯಿತು. ಸಿಲಿಂಡರಿಗೆ ಅದರದೇ ಆದ ಒಂದು ಶಿಸ್ತು ಇದೆ; ಬೀಗರು ಊಟಕ್ಕೆ ಬರುವ ದಿನ ಬಿಟ್ಟು ಬೇರೆ ದಿನ ಅದು ಮುಗಿದದ್ದನ್ನು ನಾನು ಕಂಡಿಲ್ಲ. ಮಾಳಿಗೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾಯಿಲ್ ಒಲೆಯನ್ನು ಹುಡುಕಿ ತಂದು, ಒರೆಸಿದ ಹಾಗೆ ಮಾಡಿ, ಸ್ವಿಚ್ ಒತ್ತಿದೆ. ವರ್ಷಗಟ್ಟಲೆ ಕೂತ ಧೂಳು, ಜೇಡರ ಬಲೆ, ಯಾವುದೋ ಕಾಲದಲ್ಲಿ ಉಕ್ಕಿ ಚೆಲ್ಲಿದ ಹಾಲು ಎಲ್ಲ ಒಟ್ಟಿಗೆ ಸುಟ್ಟು ಒಂದು ವಾಸನೆ ಎದ್ದಿತು. ಅದರ ಬೆನ್ನಿಗೇ ತಂತಿ ಕೆಂಪಗಾಗುತ್ತ, ಮಣ್ಣಿನ ಬಿಲ್ಲೆಯ ಸಂದಿನಿಂದ ಒಂದು ಕಡೆ ಉಬ್ಬಿ ಮೇಲೆದ್ದಿತು.

ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ಇಕ್ಕಳ ಎತ್ತಿಕೊಂಡಿತು. ಜಗ್ಗಿ ಬಿಗಿ ಮಾಡುವುದೊಂದೇ ಬಾಕಿ.

“ಕರೆಂಟ್ ಚಾಲೂ ಐತ್ರಿ!” ಹೆಂಡತಿ ಕೂಗಿದಳು. “ವಿಜ್ಞಾನ ಮಾಸ್ತರ ಅಂತ ಹೇಳಿ ನನ್ನ ಕೊಟ್ಟಾರ ನಿಮಗ. ಅದರ ನೆನಪರ ಐತಿಲ್ರಿ?”

ನೆನಪಿದೆ. ಆದರೆ ಯಲಬುರ್ಗಾದ ಶಾಲೆಯಲ್ಲಿ ವಿಜ್ಞಾನ ಕಲಿಸುವವನು ನಾನು, ಇಕ್ಕಳ ಎತ್ತಿಕೊಂಡದ್ದು ನನ್ನ ಮನೆತನ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಯಾರೋ ನಮ್ಮ ಮನೆಯ ಅಂಗಳದಲ್ಲಿ ನಿಂತೇ ಕಟ್ಟಿರಬೇಕು, ಸುಡುವುದು ನಮ್ಮಲ್ಲಿ ದಿನನಿತ್ಯದ ಕೆಲಸವಾಗಿತ್ತು.

ನಮ್ಮದು ತಳಕಲ್ಲಿನ ಗಾಲಿ ಕಟ್ಟುವ ಮನೆತನ. ಎತ್ತಿನ ಬಂಡಿಯ ಮರದ ಗಾಲಿಗೆ ಹೊರಗಿನಿಂದ ಕಬ್ಬಿಣದ ಬಳೆ ತೊಡಿಸುತ್ತಾರಲ್ಲ, ಅದಕ್ಕೆ ಹಳಿ ಎನ್ನುತ್ತಾರೆ. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುವುದು. ಸುತ್ತ ಸಗಣಿಯ ಕುಳ್ಳು ಪೇರಿಸಿ ಬೆಂಕಿ ಹಚ್ಚಿದರೆ ಅದು ಕೆಂಪಗೆ ಕಾದು ಹಿಗ್ಗುತ್ತದೆ. ಹಿಗ್ಗಿದಾಗ ಉದ್ದ ಇಕ್ಕಳಗಳಿಂದ ಎತ್ತಿ ತಂದು ಗಾಲಿಯ ಮೇಲೆ ಕೂರಿಸಿ, ಬಡಿದು, ಕೊಡಗಟ್ಟಲೆ ನೀರು ಸುರಿಯುವುದು. ತಣ್ಣಗಾಗುತ್ತ ಕಬ್ಬಿಣ ಕುಗ್ಗಿ, ಮರವನ್ನು ಕಿರ್ ಎನ್ನಿಸಿ ಅಪ್ಪಿಕೊಳ್ಳುತ್ತದೆ. ಆಮೇಲೆ ಎರೆಹೊಲದ ಕೆಸರಿರಲಿ, ಕಲ್ಲಿನ ದಾರಿ ಇರಲಿ, ಗಾಲಿ ಬಿಚ್ಚುವ ಮಾತೇ ಇಲ್ಲ. “ಕಾದಾಗ ಹಾಕು, ತಣದಾಗ ಬಿಗೀತೈತಿ” ಎಂಬುದು ನಮ್ಮ ಮನೆಯ ಮಂತ್ರವಾಗಿತ್ತು. ಬೇರೆ ಮಂತ್ರ ನಮಗೆ ಯಾರೂ ಕಲಿಸಿರಲಿಲ್ಲ.

ಮಂತ್ರ ಗಾಲಿಯ ಮಟ್ಟಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಅದನ್ನು ಸಕಲ ಚರಾಚರ ವಸ್ತುಗಳಿಗೂ ಹಬ್ಬಿಸಿದ. ಅವನ ಮನೆಯ ಹೊರಸಿನ ಮೇಲೆ ಮಲಗುವುದೂ ಒಂದೇ, ಚಪ್ಪಡಿ ಕಲ್ಲಿನ ಮೇಲೆ ಮಲಗುವುದೂ ಒಂದೇ. ಹಗ್ಗವನ್ನು ಅಷ್ಟು ಬಿಗಿಯುತ್ತಿದ್ದ. ಅವನು ಮುಚ್ಚಿದ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಸಲು ಅವನ ಹೆಂಡತಿ ಚಿಗವ್ವ ಓಣಿಯ ಗಂಡಸರನ್ನು ಕರೆಯಬೇಕಾಗುತ್ತಿತ್ತು, ಅವರು ಕೂಲಿಯಾಗಿ ಉಪ್ಪಿನಕಾಯಿಯನ್ನೇ ಒಯ್ಯುತ್ತಿದ್ದರು. ಒಬ್ಬಳೇ ಮಗಳು ನೀಲಾ. ಅವಳ ಜಡೆಯನ್ನು ಕಾಕಾ ತಾನೇ ಹೆಣೆಯುತ್ತಿದ್ದ. ಹಣೆಯ ಚರ್ಮವೆಲ್ಲ ಹಿಂದಕ್ಕೆ ಎಳೆದು ಹುಬ್ಬು ಮೇಲೆ ಹೋಗಿ, ಆ ಹುಡುಗಿ ಶಾಲೆ ಮುಗಿಸುವವರೆಗೂ ಲೋಕವನ್ನೆಲ್ಲ ಆಶ್ಚರ್ಯದಿಂದ ನೋಡುತ್ತಿರುವವಳಂತೆ ಕಾಣುತ್ತಿದ್ದಳು. ಮಾಸ್ತರರು ಅವಳನ್ನು ಭಾರೀ ಆಸಕ್ತಿಯ ವಿದ್ಯಾರ್ಥಿನಿ ಎಂದು ಹೊಗಳುತ್ತಿದ್ದರು.

ಬಂಡಿಗಳಿಗೆ ರಬ್ಬರಿನ ಟೈರು ಬಂದಿತು, ಆಮೇಲೆ ಬಂಡಿಗಳೇ ಹೋದವು. ಸರ್ಕಾರಕ್ಕೆ ಮಾಸ್ತರರ ಅಭಾವ ಇದ್ದುದರಿಂದ ನನ್ನ ಹೊಟ್ಟೆಪಾಡು ನಡೆಯಿತು. ಕಾಕಾ ತಳಕಲ್ಲು ಬಿಟ್ಟು ಕಾಲುವೆ ನೀರಿನ ಸಿದ್ದಾಪುರಕ್ಕೆ ಹೋಗಿ ಒಂದು ವರ್ಕ್‌ಶಾಪ್ ಹಾಕಿದ. ಅಲ್ಲಿ ಭತ್ತದ ಗದ್ದೆಯಲ್ಲಿ ಕೆಸರು ಕಲಸುವ ರೊಟಾವೇಟರ್ ಬ್ಲೇಡುಗಳು ಸವೆಯುತ್ತಲೇ ಇರುತ್ತವೆ. ಸವೆದ ಬ್ಲೇಡಿಗೆ ಹೊಸ ತುದಿ ಕೂಡಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ ಕೊಡುವುದು ಅವನ ಕೆಲಸ. ಮೊದಮೊದಲು ಇದ್ದಿಲು ಕುಲುಮೆ. ನೀಲಾ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಬಂದ ಮೇಲೆ, ಅವಳ ಹಟಕ್ಕೆ, ಹುಬ್ಬಳ್ಳಿಯಿಂದ ಹಳೆಯ ಕರೆಂಟ್ ಭಟ್ಟಿಯೊಂದು ಬಂದಿತು.

ಭಟ್ಟಿ ಎಂದರೆ ಗಾಬರಿಯಾಗಬೇಡಿ. ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಳಗೆ ಬೆಂಕಿ ತಡೆಯುವ ಇಟ್ಟಿಗೆ. ಇಟ್ಟಿಗೆಗೆ ಸಾಲಾಗಿ ಕೊಕ್ಕೆ. ಕೊಕ್ಕೆಯಿಂದ ಕೊಕ್ಕೆಗೆ ಸುರುಳಿ ತಂತಿ. ನಮ್ಮ ಕಾಯಿಲ್ ಒಲೆಯ ಹಿರಿಯಣ್ಣ. ಜೋಡಿಸಲು ಬಂದ ಮೆಕ್ಯಾನಿಕ್ ಹೋಗುವಾಗ ಕಾಕಾನಿಗೆ ಕೈಮುಗಿದು ಹೇಳಿದ:

“ಯಜಮಾನ್ರ, ಈ ತಂತಿ ಕಾದಾಗ ಉದ್ದ ಆಗ್ತೈತಿ, ಜೋತು ಬೀಳ್ತೈತಿ. ಅದಕ್ಕಂತನ ಸಡ್ಲ ಬಿಟ್ಟೀನಿ. ಏನರ ಆಗ್ಲಿ, ಇದನ್ನ ಮುಟ್ಟಬ್ಯಾಡ್ರಿ.”

ಕಾಕಾ ತಲೆಯಾಡಿಸಿದ. ಮುಟ್ಟಬೇಡಿ ಎಂದಾಗ ನಮ್ಮ ಮನೆಯ ಗಂಡಸರು ತಲೆಯಾಡಿಸಿದರೆ ಅದರ ಅರ್ಥ, “ನೀ ಯಾವಾಗ ಹೊಂಡ್ತಿ?”

ಮೆಕ್ಯಾನಿಕ್ ಹೊರಟ. ಮೊದಲ ದಿನವೇ ಬ್ಲೇಡು ಕೊಡಲು ಬಂದ ರೈತನೊಬ್ಬ ಭಟ್ಟಿಯೊಳಗೆ ಇಣುಕಿ, “ಏನ್ರಿ ಇದು, ಹಳೇ ಹೊರಸು ಜೋತಂಗ ಜೋತೈತಿ” ಎಂದು ನಕ್ಕ. ಕಾಕಾನ ಮನೆತನದ ಮಾನ ಅಲ್ಲೇ ಹೋಯಿತು. ಸಂಜೆ ಕರೆಂಟ್ ಬಂದ್ ಮಾಡಿದವನೇ, ತಂತಿ ಇನ್ನೂ ಕೆಂಪಗಿರುವಾಗ, ಅಜ್ಜನ ಕಾಲದ ಉದ್ದ ಇಕ್ಕಳ ತಂದು ಜಗ್ಗಿ ಜಗ್ಗಿ ಮುಂದಿನ ಕೊಕ್ಕೆಗೆ ಸಿಕ್ಕಿಸಿದ. ಕಾದಾಗ ಹಾಕು, ತಣದಾಗ ಬಿಗೀತೈತಿ! ನಮ್ಮ ರಕ್ತದವನಲ್ಲದೆ ಬೇರೆ ಯಾವನಿಗೂ ಈ ಬುದ್ಧಿ ಹೊಳೆಯಲು ಸಾಧ್ಯವಿಲ್ಲ.

ಬಿಗಿಯಿತು. ಮಂತ್ರ ಸುಳ್ಳಾಗಲಿಲ್ಲ. ಬೆಳಗ್ಗೆ ಬಾಗಿಲು ತೆರೆದು ನೋಡಿದರೆ ತಂತಿ ತುಂಡಾಗಿತ್ತು. ಒಂದು ಕೊಕ್ಕೆ ಇಟ್ಟಿಗೆಯ ಚೂರನ್ನೂ ಕಿತ್ತುಕೊಂಡು ಕೆಳಗೆ ಬಿದ್ದಿತ್ತು. ಒಮ್ಮೆ ಚೆನ್ನಾಗಿ ಕಾದ ಆ ತಂತಿ ತಣ್ಣಗಾದಾಗ ಹಪ್ಪಳವಿದ್ದ ಹಾಗೆ. ಅದು ಕುಗ್ಗಬೇಕು, ಕುಗ್ಗಲು ಕಾಕಾ ಬಿಡಲಿಲ್ಲ, ಮುರಿಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಕಾ ನೆಲವನ್ನಷ್ಟೇ ಅಲ್ಲ, ಸುತ್ತಲಿನ ಊರನ್ನೆಲ್ಲ ಡೊಂಕು ಎಂದ. ಕರೆಂಟಿನಲ್ಲಿ ದಮ್ಮಿಲ್ಲ, ತಂತಿ ನಕಲಿ, ಮೆಕ್ಯಾನಿಕ್ ಠಕ್ಕ, ನಕ್ಕ ರೈತನ ಕಣ್ಣು ಕೆಟ್ಟದ್ದು. ಭಟ್ಟಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಅದನ್ನೂ ಬಿಗಿಯಾಗಿಯೇ ಕಟ್ಟಿದ್ದ. ಲಿಂಬೆಹಣ್ಣು ಅವತ್ತೇ ಸೀಳಿತು. ನೀಲಾ ತಂತಿಯನ್ನು ಕೂಡಿಸಿ ಸಡಿಲಾಗಿ ತೂಗಿಹಾಕಿದಳು. ಅವಳು ಅತ್ತ ಹೋದೊಡನೆ ಇವನು ಇತ್ತ ಇಕ್ಕಳ ಹಿಡಿದು ಬಂದ. ಮತ್ತೆ ಮುರಿಯಿತು.

ಕಾಲುವೆಗೆ ನೀರು ಬಿಡುವ ದಿನ ಹತ್ತಿರ ಬಂದಿತ್ತು. ನೀರು ಬಂದಿತೆಂದರೆ ಟ್ರ್ಯಾಕ್ಟರುಗಳೆಲ್ಲ ಒಮ್ಮೆಲೇ ಗದ್ದೆಗೆ ಇಳಿಯುತ್ತವೆ. ಅಷ್ಟರೊಳಗೆ ಬ್ಲೇಡು ಕೊಡದಿದ್ದರೆ ಗಿರಾಕಿಗಳು ಗಂಗಾವತಿಗೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ನೀಲಾ ಒಂದೇ ಮಾತು ಹೇಳಿದಳು:

“ಅಪ್ಪಾ, ಇನ್ನೊಮ್ಮೆ ಜಗ್ಗಿದ್ರ ನಾ ಕೊಪ್ಪಳಕ್ಕ ಹೊಂಟೆ. ಕಾರ್ಖಾನ್ಯಾಗ ಕರದಾರ.”

ಅಂದು ಗೇಟಿನ ಸರಪಳಿಗೆ ಕಾಕಾ ಇನ್ನೊಂದು ಸುತ್ತು ಹೆಚ್ಚು ಹಾಕಿದ. ಅವನಿಗೆ ಹೆದರಿಕೆಯಾಗಿತ್ತು. ಗಿರಾಕಿಗಳು ಹೋದರೆ ಬೇರೆ ಗಿರಾಕಿ ಸಿಕ್ಕಾರು. ನೀಲಾ ಇಲ್ಲದ ಆ ವರ್ಕ್‌ಶಾಪ್ ಹೇಗಿರುತ್ತದೆಂದು ನೆನೆಯುವ ಧೈರ್ಯ ಅವನಿಗಿರಲಿಲ್ಲ. ಹೆದರಿದಾಗ ಅವನಿಗೆ ಗೊತ್ತಿದ್ದ ಉಪಾಯ ಒಂದೇ, ಬಿಗಿಯುವುದು.

ಚಿಗವ್ವ ನನಗೆ ಫೋನ್ ಮಾಡಿದಳು. “ನೀ ಶಾಣ್ಯಾ ಅದಿ, ಬಂದು ತಿಳಿಸಿ ಹೇಳು” ಎಂದಳು. ಹೀಗೆ ಕರೆದರೆ ಯಾವ ಮಾಸ್ತರ ತಾನೇ ಮನೆಯಲ್ಲಿ ಕೂತಾನು? ಶಾಲೆಯ ಪ್ರಯೋಗಾಲಯದಿಂದ ಗುಂಡು ಮತ್ತು ಬಳೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ನಿಮಗೂ ನೆನಪಿರಬೇಕು: ತಣ್ಣಗಿರುವಾಗ ಬಳೆಯಲ್ಲಿ ತೂರುವ ಗುಂಡು, ಕಾಯಿಸಿದರೆ ತೂರುವುದಿಲ್ಲ. ಪ್ರತಿ ವರ್ಷ ಅದನ್ನು ತೋರಿಸುತ್ತೇನೆ, ಪ್ರತಿ ವರ್ಷವೂ ಹಿಂದಿನ ಬೆಂಚಿನವರು ಆಕಳಿಸುತ್ತಾರೆ. ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಅದನ್ನೇ ತೋರಿಸಿದೆ. ಕಾಕಾ ಕೊನೆಯವರೆಗೆ ನೋಡಿ ನನ್ನ ಬೆನ್ನು ತಟ್ಟಿದ.

“ಛಲೋ ಮಾಡಿದಿ ಮಾಸ್ತರ. ಕಾದ್ರ ಕಬ್ಬಣ ಹಿಗ್ಗತೈತಿ ಅಂತ ನನಗ ಗೊತ್ತಿದ್ದಿಲ್ಲ ನೋಡು! ನಮ್ಮಪ್ಪ ಜೀವಮಾನ ಪೂರ್ತಿ ಏನು ಮಾಡ್ಯಾನ? ಅದು ಹಿಗ್ಗತೈತಿ ಅಂತನ ಅಲ್ಲೇನು ಹಿಗ್ಗಿದಾಗ ನಾ ಜಗ್ಗಿ ಕಟ್ಟೂದು!”

ನಾನು ಗುಂಡನ್ನು ಚೀಲಕ್ಕೆ ಹಾಕಿಕೊಂಡೆ. ಗೊತ್ತಿಲ್ಲದವನಿಗೆ ಕಲಿಸಬಹುದು, ಕಾಕಾನ ಕಷ್ಟವೆಂದರೆ ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತೆವು. ನನ್ನ ಸೋಲಿನಿಂದ ಕಾಕಾನಿಗೆ ಹುರುಪು ಬಂದು, ರೊಟ್ಟಿ ಮುರಿಯುತ್ತ ಅಜ್ಜನ ಪ್ರತಾಪ ಶುರುಮಾಡಿದ. ಪಕ್ಕದ ಊರಿನವನೊಬ್ಬ ಅಜ್ಜನಿಗೆ ಪೈಪೋಟಿ ಮಾಡಲು ಹೋಗಿದ್ದನಂತೆ. ಗಾಲಿಯ ಸುತ್ತಿನ ಮರದ ತುಂಡುಗಳನ್ನು ಗೆರೆ ಕಾಣದ ಹಾಗೆ ಕೂಡಿಸಿ, ಮೇಲೆ ಹಳಿ ಹಾಕಿದನಂತೆ.

“ನೀರು ಸುರದ್ರ ಗಾಲಿ ಲಟಕ್ ಅಂತ ಮುರದು ಬಿತ್ತು!” ಕಾಕಾ ತೊಡೆ ತಟ್ಟಿಕೊಂಡು ನಕ್ಕ.

“ಯಾಕಪ್ಪಾ?” ನೀಲಾ ಕೇಳಿದಳು.

“ಯಾಕಂದ್ರ? ಆ ಮಗ ಸಂದಿ ಬಿಟ್ಟಿದ್ದಿಲ್ಲ! ನಿಮ್ಮಜ್ಜ ತುಂಡಿಗೂ ತುಂಡಿಗೂ ನಡುವ ಉಗುರು ಹೋಗೋವಷ್ಟು ಸಂದಿ ಬಿಡ್ತಿದ್ದ. ಅದನ್ನ ಯಾರಿಗೂ ತೋರಸ್ತಿದ್ದಿಲ್ಲ. ಹಳಿ ಕುಗ್ಗಿದಾಗ ಮರಕ್ಕ ಸರಿಯಾಕ ಜಾಗ ಬೇಕಿಲ್ಲೇನು? ಜಾಗ ಇಲ್ಲದಿದ್ರ ಅದು ಮುರೀದ ಏನು...”

ಮಾತು ಅಲ್ಲಿಗೇ ನಿಂತಿತು. ರೊಟ್ಟಿಯ ಚೂರು ಬಾಯಿಗೂ ತಾಟಿಗೂ ನಡುವೆ ನಿಂತಿತು. ನೀಲಾ ತನ್ನ ತಾಟಿನಲ್ಲಿದ್ದ ಬದನೆಕಾಯಿಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

“ಇನ್ನೊಂದೀಟು ಪಲ್ಯ ಹಾಕ್ಲೇನ್ರಿ?” ಚಿಗವ್ವ ಕೇಳಿದಳು. ಮದುವೆಯಾಗಿ ಅಷ್ಟು ವರ್ಷ ಅವಳು ಅವನ ಜೊತೆ ಬಾಳಿದ್ದು ಸುಮ್ಮಸುಮ್ಮನೆ ಅಲ್ಲ.

ಮರುದಿನ ಬೆಳಗ್ಗೆ ನಾನು ಹೊರಡುವ ಹೊತ್ತಿಗೆ ವರ್ಕ್‌ಶಾಪಿನಿಂದ ಕಾಕಾನ ಬೈಗುಳ ಕೇಳಿಸಿತು. ಹೋಗಿ ನೋಡಿದರೆ ಭಟ್ಟಿಯ ಬಾಗಿಲು ತೆರೆದಿದೆ, ನೀಲಾ ತಂತಿ ತೂಗಿಹಾಕುತ್ತಿದ್ದಾಳೆ.

“ಏನಿದು ಈ ಪರಿ ಬಿಗಿ ಕಟ್ಟೀದಿ? ಕಾಯೂ ವಸ್ತುಕ್ಕ ಜಾಗ ಬಿಡಬೇಕು ಅನ್ನೂ ಅಕ್ಕಲ್ ಬ್ಯಾಡೇನು? ಇದನ್ನ ಐ.ಟಿ.ಐದಾಗ ಕಲಿಸಿಲ್ಲೇನು ನಿನಗ?”

“ತಪ್ಪಾತಪ್ಪಾ. ಸಡ್ಲ ಮಾಡ್ತೀನಿ” ಎಂದಳು ನೀಲಾ, ನನ್ನ ಕಡೆ ನೋಡದೆ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಕಾಕಾ ಆವತ್ತು ಮೀಸೆಗೆ ಎಣ್ಣೆ ಬೇರೆ ಹಚ್ಚಿದ್ದ. ಕೊಕ್ಕೆಗಳ ನಡುವೆ ತಂತಿ ಸಲೀಸಾಗಿ ಜೋತು ನಿಂತಿತು. ಕಾಲುವೆಗೆ ನೀರು ಬಂದಿತು, ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ತಂತಿ ಮುರಿಯಲಿಲ್ಲ. ಬ್ಲೇಡು ಒಯ್ಯಲು ಬಂದ ಪಾಪದ ರೈತರನ್ನೆಲ್ಲ ಕಾಕಾ ಹಿಡಿದು ನಿಲ್ಲಿಸಿ, ಕರೆಂಟ್ ಬರುವುದಕ್ಕಿಂತ ಮೊದಲೇ ತನ್ನ ಅಪ್ಪ ಕರೆಂಟ್ ಭಟ್ಟಿಯ ಗುಟ್ಟು ಕಂಡುಹಿಡಿದದ್ದನ್ನು ವಿವರಿಸುತ್ತಿದ್ದ. ನಾಟಿಗೆ ತಡವಾಗುತ್ತಿದ್ದರೂ ಅವರು ಹೂಂಗುಟ್ಟಿದರು.

ಆದರೂ ಹಂಗಾಮು ಮುಗಿದ ಮೇಲೆ ನೀಲಾ ಕೊಪ್ಪಳಕ್ಕೆ ಹೊರಟಳು. ಈ ಸಲ ಸಿಟ್ಟಿನಿಂದಲ್ಲ. “ದೊಡ್ಡ ಭಟ್ಟಿ ನೋಡಬೇಕಪ್ಪಾ, ಕಲೀಬೇಕು” ಎಂದಳಷ್ಟೇ. ಅಂದು ನಾನೂ ಅಲ್ಲಿದ್ದೆ. ಈಗ ಆಕಾಶ ಭೂಮಿ ಒಂದಾಗುತ್ತದೆ ಎಂದು ಮೂಲೆ ಹಿಡಿದು ಕೂತೆ. ಕಾಕಾ ಮಾತ್ರ ಒಳಗೆ ಹೋಗಿ, ಚಿಗವ್ವನ ಕೈಯಿಂದ ಬುತ್ತಿ ಕಸಿದುಕೊಂಡು ತಾನೇ ಗಂಟು ಕಟ್ಟಿ ತಂದು ಮಗಳ ಕೈಗಿಟ್ಟ. ಅವಳು ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಗಂಟು ಬಿಚ್ಚಿ, ರೊಟ್ಟಿ, ಶೇಂಗಾ ಚಟ್ನಿ ಎಲ್ಲ ರಸ್ತೆಯ ಪಾಲಾಯಿತು. ಹುಟ್ಟಿದಾಗಿನಿಂದ ಮೊದಲ ಸಲ ಸಡಿಲ ಗಂಟು ಹಾಕಿದ್ದ, ರೂಢಿ ಇರಲಿಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದ. ತಂದೆ ಮಗಳು ಇಬ್ಬರೂ ರಸ್ತೆಯಲ್ಲಿ ಕೂತು ರೊಟ್ಟಿ ಆರಿಸುತ್ತಿದ್ದರು.

ಇದೆಲ್ಲ ನೆನಪಾಗಿ ನಾನು ಕಾಯಿಲ್ ಒಲೆಯ ಮುಂದೆ ಇಕ್ಕಳ ಹಿಡಿದುಕೊಂಡೇ ನಿಂತಿದ್ದೆ. ಅಷ್ಟರಲ್ಲಿ ಫೋನ್ ಬಂತು. ಕಾಕಾ.

“ಮಾಸ್ತರ, ಕೊಪ್ಪಳದಿಂದ ಸಿದ್ದಾಪುರಕ್ಕ ಬರೂ ಬಸ್ ಎಷ್ಟೊತ್ತಿಗೈತಿ?”

“ನಾ ಯಲಬುರ್ಗಾದಾಗ ಅದೀನಿ ಕಾಕಾ. ಆ ಬಸ್ಸಿನ ಸುದ್ದಿ ನನಗ ಹೆಂಗ ಗೊತ್ತು? ನೀಲಾ ಬರಾಕಿ ಅದಾಳೇನು?”

“ಐತವಾರ ಅಲ್ಲೇನು. ಬರ್ತಾಳ.”

“ಮತ್ತ ಆಕಿಗೇ ಫೋನ್ ಹಚ್ಚಿ ಕೇಳು.”

“ಬ್ಯಾಡೋ ತಮ್ಮಾ” ಎಂದ ಕಾಕಾ. “ಆಕಿಗೆ ಹಚ್ಚಿದ್ರ ಜಗ್ಗಿದಂಗ ಆಗ್ತೈತಿ. ಅದಕ್ಕ ನಿನಗ ಹಚ್ಚೀನಿ.”

ಅವನು ಫೋನ್ ಇಟ್ಟ ಮೇಲೆ ನಾನು ಒಲೆಯ ಸ್ವಿಚ್ ಆರಿಸಿದೆ. ತಂತಿ ಟಿಕ್ ಟಿಕ್ ಎನ್ನುತ್ತ ಕಪ್ಪಗಾಗಿ, ಉಬ್ಬಿದ ಕಡೆಯಿಂದ ಮೆಲ್ಲಗೆ ಇಳಿದು ತನ್ನ ಸಂದಿನಲ್ಲಿ ಕೂತಿತು. ಬೀಗರು ಬಾಗಿಲಿಗೆ ಬಂದಿದ್ದರು, ಅನ್ನ ಇನ್ನೂ ಅರ್ಧವೇ ಬೆಂದಿತ್ತು. ಇಕ್ಕಳವನ್ನು ಮೊಳೆಗೆ ತೂಗುಹಾಕಿ, ಸ್ವಿಚ್ಚನ್ನು ಮತ್ತೆ ಒತ್ತಿದೆ.