ಮೊಳೆ ಹೊಡೆಯದ ಕಣಜ

ಖಾನಾಪುರ ಸ್ಟೇಷನ್ನಿನ ಹಿಂದೆ ಗುರುಪುತ್ರಪ್ಪ ಸಾವಕಾರರ ಭತ್ತದ ಕಣಜವಿತ್ತು. ನಾಲ್ಕಾಳೆತ್ತರ, ಕಣಕುಂಬಿ ಕಾಡಿನ ಮತ್ತಿ ಹಲಗೆ, ಬಿಗಿದದ್ದೆಲ್ಲ ಮರದ ಬೆಣೆಯಿಂದ. ಕಬ್ಬಿಣ ತಾಗಿದರೆ ಮನೆಯ ಸಿರಿ ಹೊರಟುಹೋಗುತ್ತದೆಂಬ ನೇಮ ಅವರ ಅಜ್ಜನ ಕಾಲದ್ದು. ಆಳುಗಳು ಕುಡಗೋಲು, ಕೊಡಲಿಗಳನ್ನು ಬೇಲಿಯಾಚೆಯೇ ಇಟ್ಟು ಬರಬೇಕು.

ಸಿದ್ದಕ್ಕ ಆ ಅಂಗಳದಲ್ಲಿ ಹನ್ನೊಂದು ವರ್ಷ ಭತ್ತ ಕೇರಿದವಳು. ಗಂಡ ನಾಗಲಿಂಗನದು ಕಣಜದೊಳಗಿನ ಕೆಲಸ. ಕೆಳಗಿನ ಕಿಂಡಿಯಿಂದ ಭತ್ತ ಇಳಿಯದೆ ಕಟ್ಟಿಕೊಂಡರೆ ಸೊಂಟಕ್ಕೆ ಹಗ್ಗ ಬಿಗಿದು, ಮೇಲಿಂದ ಇಳಿದು ತುಳಿಯುತ್ತಿದ್ದ. ೧೯೭೭ರ ಒಂದು ಮಧ್ಯಾಹ್ನ ಹಗ್ಗ ಕಟ್ಟಿಕೊಳ್ಳಲಿಲ್ಲ. ಸೊಕ್ಕು, ಮತ್ತೇನಲ್ಲ. ಕಾಲ ಕೆಳಗಿನ ಭತ್ತ ಕುಸಿದು ಆಳು ಪೂರಾ ಮುಳುಗಿದ.

ನಾಲ್ವರು ಹಮಾಲರು ತಲೆಯ ಮೇಲೆ ಕೈ ಹೊತ್ತು ನಿಂತರು. ಗಂಡಸರಂತೆ! ಸಿದ್ದಕ್ಕ ಬೇಲಿ ಹಾರಿ ಕೊಡಲಿ ತಂದಳು. ಸಾವಕಾರರು ಹಲಗೆಗೆ ಬೆನ್ನು ಹಚ್ಚಿ ಎರಡೂ ಕೈ ಚಾಚಿ ನಿಂತರು.

"ಕಬ್ಬಿಣ ಮುಟ್ಟಸಬ್ಯಾಡ. ಹಗ್ಗ ತರಾಕ ಹೋಗ್ಯಾರ, ತಡಿ."

"ಬಾಜೂ ಸರೀರಿ, ಸಾವಕಾರ್ರ."

ಅವರು ಸರಿಯಲಿಲ್ಲ. ಅವಳು ಕೊಡಲಿ ತಿರುವಿ ಹಿಂಬದಿಯಿಂದ ಹೊಡೆದಳು. ತೋಳಿನ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿತು. ಅವರು ಕುಸಿದು ಬಿದ್ದಮೇಲೆ ಹಲಗೆ ಕಡಿದಳು. ಏಳನೆಯ ಏಟಿಗೆ ಹಲಗೆ ಸೀಳಿ, ನುಗ್ಗಿದ ಭತ್ತ ಅವಳನ್ನೇ ಕೆಡವಿತು. ಅದರ ಜೊತೆ ನಾಗಲಿಂಗ ಬಂದ, ಮುಖ ನೀಲಿಗಟ್ಟಿತ್ತು. ಬಾಯಲ್ಲಿ ಬೆರಳು ತುರುಕಿ ಭತ್ತ ಕೆದರಿದಳು. ಅವನು ಕಚ್ಚಿದ, ಬೆರಳಿನಿಂದ ರಕ್ತ ಸುರಿಯಿತು. ಬೆನ್ನಿಗೆ ಗುದ್ದಿದಳು, ಅವನು ಕಾರಿಕೊಂಡು ಉಸಿರೆಳೆಯುವ ತನಕ ಗುದ್ದಿದಳು.

ಅವನು ಕಣ್ಣು ಬಿಟ್ಟು ಸೀಳಿದ ಹಲಗೆ ನೋಡಿದ, ತೋಳು ಹಿಡಿದು ನರಳುವ ಸಾವಕಾರರನ್ನು ನೋಡಿದ. ತೂರಾಡುತ್ತ ಎದ್ದು ಅವಳ ಬಾಯಿಗೆ ಗುದ್ದಿದ.

"ಅನ್ನ ಹಾಕಿದ ಮನಿಗೆ ಕೊಡಲಿ ಹಾಕಿದೇನ?"

ಎರಡು ಹಲ್ಲು ಅಂಗಳಕ್ಕೆ ಬಿದ್ದವು. ಅಲ್ಲಿಯವರೆಗೆ ಕದಲದಿದ್ದ ಹಮಾಲರು ಈಗ ಓಡಿ ಬಂದು ಅವಳ ಕೈಯನ್ನೇ ಹಿಡಿದರು. ಇಂಥವರಿಗೆ ಏನನ್ನಬೇಕೋ ನನಗಂತೂ ತಿಳಿಯದು. ಮರುದಿನ ಸಿದ್ದಕ್ಕ ಬೆಳಗಾವಿಯ ಬಸ್ಸು ಹತ್ತಿದಳು. ನೆಹರು ನಗರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಇಟ್ಟಂಗಿ ಹೊತ್ತಳು.

ಸೀಳಿದ ಜಾಗಕ್ಕೆ ಸಾವಕಾರರು ಮೊಳೆ ಹೊಡೆಸಲಿಲ್ಲ. ಬೆಣೆ ನಿಲ್ಲಲಿಲ್ಲ. ಮಳೆನೀರು ನುಗ್ಗಿ ಭತ್ತ ಒಳಗೇ ಮೊಳೆಯಿತು, ಹಲಗೆ ಕೊಳೆತು ಲಡ್ಡಾಯಿತು. ೮೪ರಲ್ಲಿ ಕಣಜ ಬಿಚ್ಚಿ ಸುಣ್ಣದ ಭಟ್ಟಿಗೆ ಉರುವಲಾಗಿ ಸಾಗಿಸಿದರು. ಈಗ ಅಲ್ಲಿ ಬರೀ ಬಯಲು.

ಕಣಜ ಬಿಚ್ಚಿದ ಎರಡು ವರ್ಷಕ್ಕೆ ನಾಗಲಿಂಗ ಬೆಳಗಾವಿಯಲ್ಲಿ ಅವಳ ಬಾಗಿಲಿಗೆ ಬಂದ. ಅವಳು ನೀರು ಕೊಟ್ಟಳು. ಅವನು ಕುಡಿದು ತಂಬಿಗೆ ಇಟ್ಟ.

"ಕಣಜಾನೂ ಹೋತು, ಕೆಲಸಾನೂ ಹೋತು. ಮನಿಗೆ ಬಾ ಸಿದ್ದಿ."

"ನಿನ್ನ ಉಸಿರು ನಿನಗ ತಂದು ಕೊಟ್ಟೇನಿ," ಅಂದಳು ಸಿದ್ದಕ್ಕ. "ನನ್ನ ಉಸಿರಿನ್ಯಾಗ ಪಾಲು ಕೇಳಬ್ಯಾಡ."