ಊದಿದರೆ ಹೊತ್ತದ ಒಲೆ

ಒಲೆ ಕೊಳ್ಳಲು ಹೋದವರು ಬರ್ನರ್ ಎಷ್ಟು, ಗ್ಯಾರಂಟಿ ಎಷ್ಟು, ಒರೆಸಲು ಸುಲಭವೇ ಎಂದೆಲ್ಲ ಕೇಳುತ್ತಾರಂತೆ. ನಂಜನಗೂಡಿನ ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಇಲ್ಲಿರುವ ಒಲೆಗಳಲ್ಲಿ ನಮ್ಮತ್ತೆಗೆ ಹೊತ್ತಿಸಲು ಬಾರದ ಒಲೆ ಯಾವುದು?

ತಿ. ನರಸೀಪುರದಲ್ಲಿ ನಮ್ಮ ಹೊಸಮನೆ ಕಟ್ಟುವ ಕೆಲಸ ಮುಗಿಯುತ್ತಾ ಬಂದಿತ್ತು. ನಾನು ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ನನ್ನ ಗಂಡನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅದೇ ಸಮಯಕ್ಕೆ ಹುಲ್ಲಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಮೈದುನ ಹಳೆಯ ಮನೆ ಕೆಡವಿ ಹೊಸದಕ್ಕೆ ಪಾಯ ತೆಗೆಸಿದ. ಅವನ ಮನೆ ಏಳುವವರೆಗೆ ಅತ್ತೆ ನಮ್ಮ ಜೊತೆ ಇರಲಿ ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬರಲಿ ಎಂದೇ ಹೇಳುತ್ತಿದ್ದೆ. ಅವರು ನನ್ನ ಅಡುಗೆಮನೆಗೆ ಬಂದು ನಿಲ್ಲುವುದನ್ನು ನಾನು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದೆ.

ಯಾಕೆಂದರೆ, ಮದುವೆಯಾದ ಮೇಲೆ ನಾವೆಲ್ಲ ಒಟ್ಟಿಗಿದ್ದ ಆ ಕೆಡವಿದ ಮನೆಯಲ್ಲಿ ಎರಡು ಒಲೆಗಳಿದ್ದವು. ಅಡುಗೆಮನೆಯ ಕಟ್ಟೆಯ ಮೇಲೆ ಥಳಥಳ ಹೊಳೆಯುವ ಗ್ಯಾಸ್ ಒಲೆ. ಅದಕ್ಕೆ ಧೂಳು ಕೂರಬಾರದೆಂದು ಹೂವಿನ ಕಸೂತಿ ಹಾಕಿದ ಬಟ್ಟೆ ಹೊದಿಸಿರುತ್ತಿದ್ದರು. ಹಿತ್ತಲ ಕಡೆಯ ತಗಡಿನ ಕೆಳಗೆ ಮಣ್ಣಿನ ಒಲೆ. ಗ್ಯಾಸಿನ ಒಲೆ ನೆಂಟರು ಬಂದಾಗ ಕಾಫಿ ಕಾಯಿಸುವುದಕ್ಕೆ, ಅದೂ ಅತ್ತೆಯ ಕೈಯಿಂದ. ಮಣ್ಣಿನ ಒಲೆ ಉಳಿದೆಲ್ಲದಕ್ಕೆ, ಅದು ನನ್ನ ಪಾಲಿಗೆ. ಬೇರೆ ಹೆಂಗಸರು ಬೀಗದ ಕೈ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ನಮ್ಮತ್ತೆ ಗ್ಯಾಸ್ ಲೈಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಗದ್ದೆಗೆ ಬುತ್ತಿ ಒಯ್ಯುವಾಗಲೂ ಅದು ಅವರ ಸೊಂಟದಲ್ಲೇ ಇರುತ್ತಿತ್ತು. ಮನೆಯಲ್ಲಿ ಬೆಂಕಿಪೊಟ್ಟಣವಿಲ್ಲವೇ ಎಂದರೆ, ಇತ್ತು, ಆದರೆ ಸಿಲಿಂಡರಿನ ಕಿವಿ ತಿರುವಲು ನನಗೆ ಅಪ್ಪಣೆಯಿರಲಿಲ್ಲ.

"ಸೌದೆ ಒಲೆ ಮುದ್ದೆ ಉಂಡೋರು ಗ್ಯಾಸ್ ಮುದ್ದೆ ಉಂಡಾರಾ?" ಎನ್ನುತ್ತಿದ್ದರು. ಉಣ್ಣುವವರ ರುಚಿಯ ಬಗ್ಗೆ ಅಷ್ಟು ಕಾಳಜಿ. ಬೇಯಿಸುವವಳ ಕಣ್ಣಿನ ಬಗ್ಗೆ ಎಳ್ಳಷ್ಟೂ ಇಲ್ಲ. ನಾನು ಬೆಳಗ್ಗೆ ಎದ್ದು ಮನೆಮಂದಿಗೆಲ್ಲ ಸಾರು ಕಾಯಿಸಿ, ಮುದ್ದೆ ತೊಳಸಿ, ಬಸ್ಸು ಹಿಡಿದು ನಂಜನಗೂಡಿನ ಕಚೇರಿಗೆ ಹೋಗುತ್ತಿದ್ದೆ. ಆಗ ನನ್ನ ಕೆಲಸ ಅಲ್ಲಿತ್ತು. "ಏನ್ರೀ, ಬೆಳ್ಬೆಳಗ್ಗೆನೇ ಕಬ್ಬಿನ ತರಗು ಸುಟ್ಟು ಬಂದ್ರಾ?" ಎಂದು ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಗಂಡನಿಗೆ ಹೇಳಿದರೆ ಹೂಂ ಎನ್ನುತ್ತಿದ್ದರು. ಮುದ್ದೆ ಬಿಸಿಯಾಗಿದ್ದರೆ ಅವರಿಗೆ ಸಾಕಿತ್ತು.

ಅದನ್ನೆಲ್ಲ ಮರೆತೇನು. ಒಂದು ದಿನದ್ದನ್ನು ಮಾತ್ರ ಮರೆಯಲಾರೆ. ಮಗಳು ಆಗ ಕೈಗೂಸು, ಮೈ ಸುಡುತ್ತಿತ್ತು. ಹೊರಗೆ ಬಿಡದ ಸೋನೆಮಳೆ. ತಗಡು ಸೋರಿ ಸೌದೆಯೆಲ್ಲ ತೊಪ್ಪೆಯಾಗಿತ್ತು. ಮಗುವಿಗೆ ಒಂದು ಲೋಟ ಬಿಸಿನೀರು ಬೇಕಿತ್ತು, ಅಷ್ಟೇ. ಅತ್ತೆ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಸೊಪ್ಪು ಸೋಸುತ್ತಾ ಕೂತಿದ್ದರು.

"ಅತ್ತೆ, ಲೈಟರ್ ಕೊಡಿ. ಮಗುಗೆ ಒಸಿ ನೀರು ಕಾಯಿಸ್ಕೋತೀನಿ," ಎಂದೆ.

"ಯಾಕೆ, ಒಲೆ ಇಲ್ವಾ?"

"ಸೌದೆ ನೆಂದೋಗದೆ ಅತ್ತೆ."

ಅವರು ತಲೆ ಎತ್ತಲಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತಲೇ ಒಂದೇ ಮಾತು ಅಂದರು. "ಊದು."

ಊದಿದೆ. ಕಬ್ಬಿಣದ ಊದುಗೊಳವೆ ಬಾಯಿಗಿಟ್ಟು, ತೊಟ್ಟಿಲಿನಿಂದ ಬರುತ್ತಿದ್ದ ಅಳು ಕೇಳುತ್ತಾ, ಹೊಗೆಗೆ ಅಳುತ್ತಿದ್ದೇನೋ ಸಿಟ್ಟಿಗೆ ಅಳುತ್ತಿದ್ದೇನೋ ಗೊತ್ತಾಗದೆ ಊದಿದೆ. ನೀರು ಬೆಚ್ಚಗಾಗುವ ಹೊತ್ತಿಗೆ ಮಗು ಅತ್ತು ಅತ್ತು ಸುಸ್ತಾಗಿ ಮಲಗಿತ್ತು. ಕಸೂತಿ ಬಟ್ಟೆ ಹೊದ್ದ ಗ್ಯಾಸ್ ಒಲೆ ನನ್ನ ಬೆನ್ನ ಹಿಂದೆ, ಒಂದು ಗೋಡೆಯಾಚೆ ತಣ್ಣಗೆ ಕೂತಿತ್ತು. ಇವರು ಒಂದು ದಿನ ನನ್ನ ಒಲೆಯ ಮುಂದೆ ನಿಂತು ಹಚ್ಚು ಎಂದು ಕೇಳಬೇಕು, ಆಗ ನಾನೂ ತಲೆ ಎತ್ತದೆ ಅದೇ ಒಂದು ಮಾತು ಅನ್ನಬೇಕು ಎಂದು ಅವತ್ತೇ ಹಲ್ಲು ಕಚ್ಚಿ ಅಂದುಕೊಂಡೆ. ಮಗಳು ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ನನಗೆ ದಪ್ಪ ಕನ್ನಡಕ ಬಂದಿದೆ. ಆ ಮಾತು ಮಾತ್ರ ಗಂಟಲಲ್ಲೇ ಉಳಿದಿತ್ತು.

ಅಂಗಡಿಯ ಮಾಲೀಕರು ಮೊದಲು ಎರಡು ಬರ್ನರಿನ ಸ್ಟೀಲ್ ಒಲೆ ತೋರಿಸಿದರು. ಗಂಡ ಅದರ ಕಾಲು ಹಿಡಿದು ಅಲ್ಲಾಡಿಸಿ, "ಇದೇ ಸಾಕು ಕಣೆ. ಗಟ್ಟಿಯಾಗದೆ. ಮೇಲೇ ಮುದ್ದೆ ತೊಳುಸ್ಬೋದು," ಎಂದರು. ಲೈಟರಿಗೆ ಹೊತ್ತುವ ಒಲೆ. ಅತ್ತೆ ಕಣ್ಣು ಮುಚ್ಚಿಕೊಂಡು ಹಚ್ಚುತ್ತಾರೆ. ಬೇಡ ಎಂದೆ. ಆಮೇಲೆ ಗಾಜಿನದು, ಒತ್ತಿ ತಿರುಗಿಸಿದರೆ ತಾನೇ ಹೊತ್ತಿಕೊಳ್ಳುವುದು. ಅದನ್ನು ಕಲಿಯಲು ಅತ್ತೆಗೆ ಒಂದು ಬೆಳಗು ಸಾಕು. ಗ್ರಾನೈಟಿನೊಳಗೆ ಹೂತು ಕೂರಿಸುವ ಹಾಬ್ ತೋರಿಸಿದರು. ನೋಡಲು ಚೆಂದ, ಆದರೆ ಅದಕ್ಕೂ ಅದೇ ತಿರುಗಣೆ.

"ಓವನ್ ನೋಡಿ ಮೇಡಂ, ಕೇಕು, ಬನ್ನು, ಎಲ್ಲಾ ಮಾಡ್ಬೋದು," ಎಂದು ಬಾಗಿಲು ತೆಗೆದು ಒಳಗಿನ ದೀಪ ತೋರಿಸಿದರು. ನಾನು ನಿಜಕ್ಕೂ ಯೋಚಿಸಿದೆ. ಆದರೆ ಕೇಕು ಮಾಡಲು ಬರಲಿಲ್ಲವೆಂದು ನಮ್ಮತ್ತೆ ಕೊರಗುತ್ತಾರೆಯೇ? ಅವರಿಗೆ ದಿನಾ ಬೇಕಾದದ್ದೇ ಕೈಗೆ ಸಿಗದಂತಿರಬೇಕು. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಪಕ್ಕದ ಮನೆಯವರು ಯಾರಾದರೂ ಒಂದು ಸಲ ತೋರಿಸಿಕೊಟ್ಟರೆ ಕಾಫಿ ಬಿಸಿ ಮಾಡಿಕೊಂಡು ಕಾಲು ಚಾಚಿ ಕೂರುತ್ತಾರೆ.

ಕೊನೆಗೆ ಇಂಡಕ್ಷನ್. ಕಟ್ಟೆಯೊಳಗೆ ಕೂತ ಒಂದು ಕರಿಯ ಗಾಜು. ಬೆಂಕಿಯಿಲ್ಲ, ತಿರುಗಣೆಯಿಲ್ಲ. ಬೆರಳಿಟ್ಟರೆ ಕೆಂಪಕ್ಷರ ಮೂಡುತ್ತದೆ. ಮೂಲೆಯಲ್ಲಿ ಒಂದು ಪುಟ್ಟ ಕೀಲಿಯ ಗುರುತು.

"ಇದೇನು?"

"ಚೈಲ್ಡ್ ಲಾಕ್ ಮೇಡಂ. ಇದನ್ನ ಒತ್ತಿಟ್ರೆ ಮಕ್ಳು ಮುಟ್ಟುದ್ರೂ ಆನ್ ಆಗಲ್ಲ. ಮನೇಲಿ ಚಿಕ್ಕಮಕ್ಳವ್ರಾ?"

"ಇಲ್ಲ. ವಯಸ್ಸಾದೋರು ಬರ್ತಿದಾರೆ."

"ಹಂಗಾದ್ರೆ ಕಣ್ಮುಚ್ಕೊಂಡು ಇದೇ ತಗೊಳಿ. ಸೇಫು," ಎಂದು, ಎಂಥ ಒಳ್ಳೆಯ ಸೊಸೆ ಎಂಬಂತೆ ನನ್ನನ್ನು ನೋಡಿದರು. ಪ್ರಾಮಾಣಿಕ ಮನುಷ್ಯ, ಅದರ ದೋಷವನ್ನೂ ಹೇಳಿದರು. ಕೈ ಒದ್ದೆಯಿದ್ದರೆ, ಬೆರಳು ಜಡ್ಡುಗಟ್ಟಿದ್ದರೆ ಕೆಲವು ಸಲ ಅದು ತಗೊಳ್ಳುವುದಿಲ್ಲವಂತೆ. ನಾಟಿ, ಕಳೆ, ಕೊಯ್ಲು ಎಂದು ಕಾಯಿಕಟ್ಟಿದ ಅತ್ತೆಯ ಬೆರಳುಗಳು ನನ್ನ ಕಣ್ಣ ಮುಂದೆ ಬಂದವು. ಇದನ್ನೇ ಪ್ಯಾಕ್ ಮಾಡಿ ಎಂದೆ.

"ಒಂದು ಮಾತು ಮೇಡಂ. ಇದ್ರ ಮೇಲೆ ಮುದ್ದೆ ಮಾತ್ರ ತೊಳುಸ್ಬೇಡಿ. ಕೋಲಾಕಿ ಒತ್ತುದ್ರೆ ಗಾಜು ಬಿರ್ಕೋತದೆ."

ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. ಮುದ್ದೆ ತೊಳಸುವುದೆಂದರೆ ಸೌಟಾಡಿಸುವುದಲ್ಲ. ಪಾತ್ರೆಯನ್ನು ಅದುಮಿ ಹಿಡಿದು, ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಟ್ಟು ಹಿಟ್ಟನ್ನು ನಾದಬೇಕು. ಕೆಳಗಿಳಿಸಿ ತೊಳಸೋಣವೆಂದರೆ ನನ್ನ ಬೆನ್ನು ನೆಲಕ್ಕೆ ಬಗ್ಗುವುದಿಲ್ಲ. ಮುದ್ದೆ ಉಣ್ಣುವ ಮನೆಗೆ ಮುದ್ದೆ ತೊಳಸಲಾಗದ ಒಲೆ ತರುವ ದಡ್ಡಿ ನಮ್ಮ ಕಡೆ ನಾನೊಬ್ಬಳೇ ಇರಬೇಕು. "ಮುದ್ದೆ ಇಲ್ದೆ ಎಂಗೆ?" ಎಂದು ಗಂಡ ಮೆಲ್ಲಗೆ ಕೇಳಿದರು. ಮೆಸ್ಸಿನಿಂದ ತಂದರಾಯಿತು ಎಂದೆ. ನನಗೂ ಮುದ್ದೆಯೆಂದರೆ ಪ್ರಾಣ. ಹೋಗಲಿ ಎಂದು ಬಿಟ್ಟುಕೊಟ್ಟೆ. ಅಲ್ಲಿಯವರೆಗೆ ನಾವಿದ್ದ ಬಾಡಿಗೆ ಮನೆಯ ಸಣ್ಣ ಗ್ಯಾಸ್ ಒಲೆಯನ್ನೂ ಸಿಲಿಂಡರನ್ನೂ ಮೈದುನನಿಗೆ ಕೊಟ್ಟೆ. ಮನೆ ಮುಗಿಯುವವರೆಗೆ ಶೆಡ್ಡಿನಲ್ಲಿ ಅಡುಗೆಗೆ ಬೇಕಲ್ಲ. ಅತ್ತಿಗೆಯದು ದೊಡ್ಡ ಮನಸ್ಸು ಎಂದು ಅವನು ಊರೆಲ್ಲ ಹೇಳಿಕೊಂಡನಂತೆ.

ಅತ್ತೆ ಬಂದರು. ಎರಡು ಚೀಲ, ಹಳೆಯ ಸೀರೆಯಲ್ಲಿ ಸುತ್ತಿದ ಮುದ್ದೆಕೋಲು, ಸೊಂಟದಲ್ಲಿ ಅದೇ ಲೈಟರ್. ಮಾರನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಟಿಕ್ ಟಿಕ್ ಎಂದು ಸದ್ದು. ಬಾಗಿಲಲ್ಲಿ ನಿಂತು ನೋಡಿದೆ. ಕರಿಯ ಗಾಜಿನ ಮೇಲೆ ಬಗ್ಗಿ ಲೈಟರ್ ಒತ್ತುತ್ತಿದ್ದರು. ಕಿಡಿ ಹಾರುತ್ತಿತ್ತು, ಏನೂ ಹೊತ್ತುತ್ತಿರಲಿಲ್ಲ.

"ಗ್ಯಾಸೆಲ್ಲಮ್ಮಿ?"

"ಗ್ಯಾಸಿಲ್ಲ ಅತ್ತೆ. ಕರೆಂಟಿಂದು."

"ಬೆಂಕಿ?"

"ಬೆಂಕೀನೂ ಇಲ್ಲ."

ಅವರು ಲೈಟರನ್ನು ಒಮ್ಮೆ ನೋಡಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸುಖದ ಬೆಳಗನ್ನು ಆ ಹೊಸಮನೆಯಲ್ಲಿ ನಾನು ಇನ್ನೊಂದು ಕಂಡಿಲ್ಲ.

ಅಲ್ಲಿಂದ ದಿನವೂ ಅದೇ. ಅಡುಗೆ ಮಾಡಿ, ಕಾಫಿಯನ್ನು ಫ್ಲಾಸ್ಕಿಗೆ ಹಾಕಿ, ಕೀಲಿಯ ಗುರುತು ಒತ್ತಿ ಕಚೇರಿಗೆ ಹೊರಡುತ್ತಿದ್ದೆ. "ಅಮ್ಮಂಗೆ ಅದನ್ನ ಹೇಳ್ಕೊಡೇ," ಎಂದರು ಗಂಡ. ಹೇಳಿಕೊಟ್ಟಿದ್ದೇನೆ, ಅವರಿಗೆ ಬರುತ್ತಿಲ್ಲ ಎಂದೆ, ಕಣ್ಣು ಮಿಟುಕಿಸದೆ. ಅಡುಗೆಮನೆಯೊಳಗೆ ಎಂದೂ ಕಾಲಿಡದವರಿಗೆ ಇದರ ತಲೆಬುಡ ಗೊತ್ತಾಗುವುದಾದರೂ ಹೇಗೆ.

ಆದರೆ ಅತ್ತೆ ಕೇಳಲಿಲ್ಲ. ಅದೇ ನನಗೆ ತಡೆಯಲಾಗದ್ದು. ಮಧ್ಯಾಹ್ನದ ಹೊತ್ತಿಗೆ ಫ್ಲಾಸ್ಕಿನ ಕಾಫಿ ಉಗುರುಬೆಚ್ಚಗಾಗುತ್ತಿತ್ತು, ಅದನ್ನೇ ಕುಡಿದರು. ತಣ್ಣನೆಯ ಅನ್ನ ಉಂಡರು. ಕೆಲವು ದಿನ ಮೊಸರಲ್ಲಿ ನೆನೆಸಿದ ಅವಲಕ್ಕಿ. ನಾನು ಸಂಜೆ ಬಂದಾಗ ಬೇಕೆಂದೇ ಅಡುಗೆಮನೆಯಲ್ಲಿ ಸುಳಿದಾಡುತ್ತಿದ್ದೆ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು. ಅವರು ಟಿವಿ ನೋಡುತ್ತಿದ್ದರು. ಮುದ್ದೆಕೋಲು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಹಟದಲ್ಲಿ ಅವರು ನನಗಿಂತ ಹಳಬರು.

ಒಂದು ಭಾನುವಾರ, ಗಂಡ ಪಾಳಿಗೆ ಹೋಗಿದ್ದಾಗ, ತಲಕಾಡಿನಿಂದ ಅತ್ತೆಯ ತಂಗಿ, ಆಕೆಯ ಗಂಡ ಇಬ್ಬರೂ ಹೇಳದೆ ಕೇಳದೆ ಬಂದಿಳಿದರು. ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ನನ್ ಮಗನ ಮನೆ" ಎಂದು ಟೈಲ್ಸು, ಬಚ್ಚಲು, ಮಹಡಿ ಎಲ್ಲ ತೋರಿಸಿದರು. ನಾನು ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದೆ. ನೆಂಟರು ಕಾಲು ತೊಳೆಯುವಷ್ಟರಲ್ಲಿ ಸೊಸೆ ಹಾಲು ಒಲೆಗಿಟ್ಟಿರಬೇಕು. ಹಾಗೆ ಬೆಳೆದವಳು ನಾನೂ. ಅವತ್ತು ಏಳಲಿಲ್ಲ. ಒಲೆಗೆ ಲಾಕ್ ಹಾಕಿಯೇ ಇತ್ತು.

"ಬಿಸ್ಲಲ್ಲಿ ಬಂದಿವ್ನಿ ಕಣಕ್ಕ, ಒಂದ್ ತೊಟ್ಟು ಕಾಪಿ ಕೊಡು," ಎಂಬ ತಂಗಿಯ ಮಾತು ಹಜಾರದಿಂದ ಕೇಳಿತು.

ಅತ್ತೆ ಒಳಗೆ ಬಂದರು. ನನ್ನನ್ನು ನೋಡಿದರು. ತಾವೇ ಹಾಲು ಬಗ್ಗಿಸಿ ಪಾತ್ರೆಯನ್ನು ಗಾಜಿನ ಮೇಲಿಟ್ಟು ಬೆರಳಿಟ್ಟರು. ಕುಂಯ್ ಎಂದಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಕುಂಯ್.

"ಏನಕ್ಕ, ಅಸು ಕರೆಯಕ್ ಓದ್ಯಾ?" ಎಂದು ತಂಗಿ ನಕ್ಕರು.

ಅತ್ತೆ ನನ್ನ ಪಕ್ಕಕ್ಕೆ ಬಂದು ನಿಂತರು. ತವರಿನವರ ಕಿವಿಗೆ ಬೀಳಬಾರದೆಂದು ದನಿ ತಗ್ಗಿಸಿದ್ದರು. "ಒಲೆ ಅಚ್ಚು ಕಣಮ್ಮಿ. ನೆಂಟ್ರು ಕುಂತವ್ರೆ."

ಎಷ್ಟು ವರ್ಷ ಬಾಯಲ್ಲಿ ಹೊರಳಿಸಿದ ಮಾತು! ನಾನು ತಲೆ ಎತ್ತಲಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತಲೇ ಅಂದೆ.

"ಊದಿ."

ತಡೆಯಲಾಗದೆ ನಾನೇ ತಲೆ ಎತ್ತಿದೆ. ಅವರು ನನ್ನ ಕೈಯಲ್ಲಿದ್ದ ಸೊಪ್ಪನ್ನೇ ನೋಡುತ್ತಿದ್ದರು. ಆ ಮಳೆ, ಆ ಮೊರ, ಆ ಮಾತು ಅವರಿಗೂ ನೆನಪಿದೆಯೆಂದು ಆಗ ನನಗೆ ಗೊತ್ತಾಯಿತು. ಅಳುತ್ತಾರೆ, ಇಲ್ಲವೇ ಬಯ್ಯುತ್ತಾರೆ, ಕೈಮುಗಿದರೂ ಮುಗಿಯಬಹುದು ಎಂದುಕೊಂಡೆ.

ಅವರು ತಿರುಗಿ ಒಲೆಯ ಬಳಿ ಹೋದರು. ಹಾಲಿನ ಪಾತ್ರೆಯನ್ನು ಪಕ್ಕಕ್ಕಿಟ್ಟರು. ಎರಡೂ ಅಂಗೈಗಳನ್ನು ಗ್ರಾನೈಟಿಗೆ ಊರಿ, ನೋಯುವ ಮಂಡಿಯನ್ನು ಮಡಿಸಿ ಬಗ್ಗಿದರು. ಕೆನ್ನೆ ತುಂಬ ಗಾಳಿ ತುಂಬಿಕೊಂಡು, ಮಣ್ಣಿನ ಒಲೆಗೆ ಊದುವಂತೆಯೇ ಆ ಕರಿಯ ಗಾಜಿಗೆ ಉದ್ದಕ್ಕೆ ಊದಿದರು. ಗಾಜಿನ ಮೇಲೆ ಅಂಗೈಯಗಲ ಮಂಜು ಕಟ್ಟಿ ಆರಿತು.

ನೆಟ್ಟಗೆ ನಿಂತು ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಂದರು. "ಊದ್ದೆ. ಈಗ ಅಚ್ಚು."

ನನಗೆ ಮೈಯೆಲ್ಲ ಉರಿಯಿತು. ನಾನು ವರ್ಷಗಟ್ಟಲೆ ಊದಿದ್ದೆ, ಕಣ್ಣು ಕಳೆದುಕೊಂಡು ಊದಿದ್ದೆ. ಈ ಹೆಂಗಸು ಒಂದೇ ಉಸಿರಿನಲ್ಲಿ ಅದನ್ನೆಲ್ಲ ಮುಗಿಸಿ, ಮುಗಿಯಿತಲ್ಲ ಎಂಬಂತೆ ನಿಂತಿದ್ದರು. ಇಷ್ಟು ವರ್ಷ ನಾನು ಕೂಡಿಟ್ಟುಕೊಂಡದ್ದು ಆ ಒಂದು ಮಾತು ಮಾತ್ರ, ಅದೂ ಖರ್ಚಾಗಿತ್ತು.

ಎದ್ದೆ. ಲಾಕ್ ತೆಗೆದು ಒಲೆ ಹಚ್ಚಿದೆ. ಹಾಲು ಉಕ್ಕಿತು. ಅತ್ತೆ ತಾವೇ ಕಾಫಿ ಬೆರೆಸಿ, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹಜಾರಕ್ಕೆ ಹೋದರು. "ನನ್ ಸೊಸೆ ಕಾಯಿಸ್ಕೊಟ್ಲು, ಕುಡೀರಿ," ಎಂದು ಜೋರಾಗಿ ಹೇಳಿದ್ದು ನನಗೂ ಕೇಳಲೆಂದೇ.

ನಾನು ಕೀಲಿಯ ಗುರುತಿನ ಮೇಲೆ ಮತ್ತೆ ಬೆರಳಿಟ್ಟು ಒತ್ತಿ ಹಿಡಿದೆ. ಕುಂಯ್ ಎಂದಿತು. ಮೈದುನನ ಮನೆಗೆ ಇನ್ನೂ ತಾರಸಿ ಹಾಕಿರಲಿಲ್ಲ. ಅತ್ತೆ ನನ್ನ ಮನೆಯಲ್ಲಿ ಇನ್ನೂ ಬಹಳ ದಿನ ಇರಬೇಕಾಗಿತ್ತು.